ಊರಿನ ಪಡಸಾಲೆಗೆ ಬಂದ ಬಾಡಿಗೆದಾರ

ಎಲ್ಲರಿಗೂ ನಮಸ್ಕಾರ.

ಮೊದಲು ನಿಮ್ಮನ್ನು ಕೆನಡಾದ ಉತ್ತರ ಮೂಲೆಗೆ ಕರೆದುಕೊಂಡು ಹೋಗುತ್ತೇನೆ. ಯುಕಾನ್ ಪ್ರದೇಶದ ಡಾಸನ್ ಸಿಟಿ. ಹೆಸರಲ್ಲಿ ಸಿಟಿ ಇದೆ, ಆದರೆ ಅದು ಪುಟ್ಟ ಊರು. 1978ರಲ್ಲಿ ಅಲ್ಲಿ ಹೊಸ ಕಟ್ಟಡಕ್ಕಾಗಿ ನೆಲ ಅಗೆಯುತ್ತಿದ್ದರು. ಮಣ್ಣಿನ ಜೊತೆ ಸಿನಿಮಾ ರೀಲುಗಳು ಮೇಲೆ ಬಂದವು. ಒಂದೆರಡಲ್ಲ, ನೂರಾರು. ಕೊನೆಗೆ ಉಳಿಸಿಕೊಳ್ಳಲು ಆಗಿದ್ದು 533 ರೀಲು, 372 ಚಿತ್ರಗಳು. ಅವುಗಳಲ್ಲಿ ಬಹಳಷ್ಟು ಚಿತ್ರಗಳ ಬೇರೆ ಪ್ರತಿ ಜಗತ್ತಿನಲ್ಲೇ ಇರಲಿಲ್ಲ. ಮೂಕಿ ಕಾಲದ ಕಥಾಚಿತ್ರಗಳು, ಸುದ್ದಿಚಿತ್ರಗಳು, ಎಲ್ಲಾ ಅಲ್ಲಿ ಹೆಪ್ಪುಗಟ್ಟಿದ ಮಣ್ಣಿನಲ್ಲಿ ಅರ್ಧ ಶತಮಾನ ಮಲಗಿದ್ದವು.

ಅವು ಅಲ್ಲಿಗೆ ಹೇಗೆ ಬಂದವು? ಆ ಜಾಗದಲ್ಲಿ ಮೊದಲು ಊರಿನ ಅಥ್ಲೆಟಿಕ್ ಸಂಘದ ಕಟ್ಟಡ ಇತ್ತು. ಒಂದೇ ಸೂರಿನಡಿ ಈಜುಕೊಳ, ಐಸ್ ಹಾಕಿ ಆಡುವ ಅಂಗಳ, ಸಿನಿಮಾ. ಚಿನ್ನದ ಆಸೆಗೆ ಬಂದ ಜನ ಕಟ್ಟಿಕೊಂಡ ಊರು ಅದು. ಸಿನಿಮಾ ಹಂಚಿಕೆಯ ದಾರಿ ಅಲ್ಲಿಗೆ ಮುಗಿಯುತ್ತಿತ್ತು. ದೊಡ್ಡ ಊರುಗಳಲ್ಲಿ ಓಡಿ ಎರಡು ಮೂರು ವರ್ಷ ಆದ ಮೇಲೆ ರೀಲುಗಳು ಡಾಸನ್ ತಲುಪುತ್ತಿದ್ದವು. ವಾಪಸ್ ಕಳಿಸುವ ಸಾಗಣೆ ಖರ್ಚು ರೀಲಿನ ಬೆಲೆಗಿಂತ ಜಾಸ್ತಿ. 'ಬೇಡ, ನೀವೇ ಇಟ್ಟುಕೊಳ್ಳಿ' ಎನ್ನುತ್ತಿದ್ದರು ಹಂಚಿಕೆದಾರರು. ಹಾಗೆ ರೀಲುಗಳು ಊರಿನ ಗ್ರಂಥಾಲಯದ ನೆಲಮಾಳಿಗೆಯಲ್ಲಿ ರಾಶಿ ಬಿದ್ದವು.

ಇತ್ತ ಈಜುಕೊಳದ್ದೇ ಬೇರೆ ತೊಂದರೆ. ಚಳಿಗಾಲದಲ್ಲಿ ಕೊಳದ ಮೇಲೆ ಹಲಗೆ ಹಾಸಿ, ನೀರು ಹಾಯಿಸಿ, ಐಸ್ ಅಂಗಳ ಮಾಡುತ್ತಿದ್ದರು. ಆದರೆ ಕೊಳ ಇರುವ ಜಾಗದಲ್ಲಿ ಮಂಜುಗಡ್ಡೆ ಸಮವಾಗಿ ಕೂರುತ್ತಿರಲಿಲ್ಲ. 1929ರಲ್ಲಿ ಕೊಳವನ್ನೇ ಮುಚ್ಚಿಬಿಡೋಣ ಅಂತ ತೀರ್ಮಾನ ಆಯಿತು. ಮುಚ್ಚಲು ಮಣ್ಣಿನ ಜೊತೆ ಹಾಕಿದ್ದು ಈ ರೀಲುಗಳನ್ನು.

ಈ ಕಥೆಯನ್ನು ಹೇಳುವವರೆಲ್ಲ ಸಾಮಾನ್ಯವಾಗಿ ಸಿಕ್ಕ ಚಿತ್ರಗಳ ಬಗ್ಗೆ ಹೇಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕಟ್ಟಡ. ಈಜು, ಐಸ್, ಸಿನಿಮಾ, ಮೂರೂ ಒಂದೇ ಕಡೆ. ಇವತ್ತು ಕೇಳಿದರೆ ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಆ ಕಾಲದ ಸಣ್ಣ ಊರಿಗೆ ಅದು ತೀರಾ ಸಹಜ. ಹಳೆಯ ಮನೆಯ ಪಡಸಾಲೆಯನ್ನು ನೆನಪಿಸಿಕೊಳ್ಳಿ. ಬಂದವರು ಕೂರುವುದು ಅಲ್ಲೇ, ಲೆಕ್ಕ ಬರೆಯುವುದು ಅಲ್ಲೇ, ಮಕ್ಕಳು ಮಲಗುವುದೂ ಅಲ್ಲೇ. ಹಾಗೆಯೇ ಊರಿಗೆ ಒಂದು ಪಡಸಾಲೆ ಇತ್ತು. ಸಿನಿಮಾ ಅದನ್ನು ಕಟ್ಟಲಿಲ್ಲ. ಇದ್ದ ಪಡಸಾಲೆಗೆ ಅದು ಬಾಡಿಗೆದಾರನಾಗಿ ಬಂತು. ಆಮೇಲೆ ನಿಧಾನವಾಗಿ ಇಡೀ ಮನೆ ತನ್ನದು ಮಾಡಿಕೊಂಡಿತು. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇದನ್ನೇ.

ಅಮೆರಿಕದ ಸಣ್ಣ ಊರುಗಳನ್ನೇ ನೋಡಿ. 19ನೇ ಶತಮಾನದ ಕೊನೆಯ ಹೊತ್ತಿಗೆ, ರೈಲು ಮುಟ್ಟಿದ ಊರಿಗೆಲ್ಲ ಒಂದೊಂದು 'ಒಪೆರಾ ಹೌಸ್' ಎದ್ದಿತ್ತು. ಅಲ್ಲಿ ಒಪೆರಾ ನಡೆದದ್ದು ಬಹಳ ಕಡಿಮೆ. ಹಾಗಾದರೆ ಆ ಹೆಸರು ಯಾಕೆ? 'ಥಿಯೇಟರ್' ಅಂದರೆ ಚರ್ಚಿಗೆ ಹೋಗುವ ಮನೆತನಗಳು ಮುಖ ತಿರುಗಿಸುತ್ತಿದ್ದವು. ನಾಟಕದವರ ಬಗ್ಗೆ ಒಳ್ಳೆಯ ಮಾತಿರಲಿಲ್ಲ. ಒಪೆರಾ ಅಂದರೆ ಗೌರವ. ಸಾಮಾನ್ಯವಾಗಿ ಕೆಳಗಡೆ ಅಂಗಡಿಗಳು, ಮೇಲಿನ ಮಹಡಿಯಲ್ಲಿ ಜನ ಸೇರುವ ದೊಡ್ಡ ಹಾಲ್. ಅಂಗಡಿಯ ಬಾಡಿಗೆಯಲ್ಲಿ ಹಾಲಿನ ಖರ್ಚು ನಡೆಯಬೇಕು. ಅಲ್ಲಿ ಸಂಚಾರಿ ನಾಟಕ ತಂಡಗಳು ಬರುತ್ತಿದ್ದವು. ಶಾಲೆಯ ಪದವಿ ಸಮಾರಂಭ ಅಲ್ಲೇ. ಚುನಾವಣೆಯ ಭಾಷಣ ಅಲ್ಲೇ. ಕುರ್ಚಿಗಳನ್ನು ಬದಿಗೆ ಸರಿಸಿದರೆ ನೃತ್ಯ, ಚಕ್ರದ ಬೂಟು ಹಾಕಿಕೊಂಡು ಜಾರುವ ಆಟ. ನೆಲ ಸಮತಟ್ಟಾಗಿತ್ತು, ಕುರ್ಚಿಗಳನ್ನು ನೆಲಕ್ಕೆ ಬಿಗಿದಿರಲಿಲ್ಲ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಇನ್ನು ಸಿನಿಮಾ. ಅದು ಹುಟ್ಟಿದಾಗ ಹಾಲೇ ಬೇಕಿರಲಿಲ್ಲ. 1894ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಎಡಿಸನ್ ಕಂಪನಿಯ ಕೈನೆಟೋಸ್ಕೋಪ್ ಎಂಬ ಚಿತ್ರದ ಪೆಟ್ಟಿಗೆಗಳನ್ನು ಇಟ್ಟ ಅಂಗಡಿ ಶುರುವಾಯಿತು. ಹತ್ತು ಪೆಟ್ಟಿಗೆ. ಒಂದು ಪೆಟ್ಟಿಗೆಗೆ ಒಬ್ಬರೇ ಕಣ್ಣಿಟ್ಟು ನೋಡಬೇಕು. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರಾಂ ಕಫೆಯ ನೆಲಮಾಳಿಗೆಯಲ್ಲಿ ಲ್ಯೂಮಿಯೇರ್ ಸೋದರರು ಪರದೆ ಕಟ್ಟಿ, ದುಡ್ಡು ಕೊಟ್ಟು ಬಂದವರಿಗೆ ತೋರಿಸಿದರು. ಆಗ ಸಿನಿಮಾ ಒಬ್ಬರ ಕಣ್ಣಿನಿಂದ ಗುಂಪಿನ ಎದುರಿಗೆ ಬಂತು. ಗುಂಪು ಅಂದ ಮೇಲೆ ಜಾಗ ಬೇಕು. ಜಾಗ ಎಲ್ಲಿದೆ? ಊರಿನ ಪಡಸಾಲೆಯಲ್ಲಿ.

ಮುಂದಿನ ಹತ್ತು ವರ್ಷ ಸಂಚಾರಿಗಳ ಕಾಲ. ಒಬ್ಬ ಮನುಷ್ಯ, ಒಂದು ಪ್ರೊಜೆಕ್ಟರ್, ಒಂದು ಪರದೆ, ಕೆಲವು ರೀಲು. ಕರೆಂಟ್ ಇಲ್ಲದ ಊರಿನಲ್ಲಿ ಸುಣ್ಣದ ಉಂಡೆಗೆ ಗ್ಯಾಸಿನ ಉರಿ ತಾಗಿಸಿ, ಅದು ಬಿಳಿಯಾಗಿ ಬೆಳಗಿದಾಗ ಆ ಬೆಳಕಿನಲ್ಲೇ ಚಿತ್ರ ತೋರಿಸುತ್ತಿದ್ದರು. ಇವರಲ್ಲಿ ದೊಡ್ಡ ಹೆಸರು ಪೆನ್ಸಿಲ್ವೇನಿಯಾದ ಲೈಮನ್ ಹೋವ್. ಪರದೆಯ ಹಿಂದೆ ಜನರನ್ನು ನಿಲ್ಲಿಸಿ ರೈಲಿನ ಸದ್ದು, ಕುದುರೆಯ ಗೊರಸಿನ ಸದ್ದು ಮಾಡಿಸುತ್ತಿದ್ದ. ಸಿನಿಮಾಗೆ ಮಾತು ಬರುವ ಎಷ್ಟೋ ವರ್ಷ ಮೊದಲೇ ಜನ ಸದ್ದಿನ ಸಿನಿಮಾ ನೋಡಿದ್ದರು ಅನ್ನುವುದನ್ನು ನಾವು ಮರೆತುಬಿಡುತ್ತೇವೆ. ಬ್ರಿಟನ್‌ನಲ್ಲಿ ಇದೇ ಕೆಲಸವನ್ನು ಜಾತ್ರೆಗಳ 'ಬಯೋಸ್ಕೋಪ್' ಡೇರೆಗಳು ಮಾಡಿದವು. ಮುಂದೆ ದೊಡ್ಡ ಆರ್ಗನ್ ವಾದ್ಯ, ಬಣ್ಣದ ಮುಖಮಂಟಪ, ಹಿಂದೆ ಕತ್ತಲೆಯ ಡೇರೆ.

1905ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಹ್ಯಾರಿ ಡೇವಿಸ್ ಮತ್ತು ಜಾನ್ ಹ್ಯಾರಿಸ್ ಒಂದು ಅಂಗಡಿಯಲ್ಲಿ ಕುರ್ಚಿ ಹಾಕಿ, ಐದು ಸೆಂಟಿಗೆ ಸಿನಿಮಾ ತೋರಿಸಿದರು. ಐದು ಸೆಂಟಿನ ನಾಣ್ಯಕ್ಕೆ 'ನಿಕ್ಕಲ್' ಅನ್ನುತ್ತಾರೆ. ಅದರಿಂದ 'ನಿಕ್ಕಲೋಡಿಯನ್' ಹೆಸರು ಬಂತು. ಕೆಲವೇ ವರ್ಷಗಳಲ್ಲಿ ಇಂಥವು ಸಾವಿರಾರು ಆದವು. ರೀಲು ಬದಲಿಸುವಾಗ ಗಾಜಿನ ಸ್ಲೈಡಿನಲ್ಲಿ ಹಾಡಿನ ಸಾಲು ಹಾಕುತ್ತಿದ್ದರು, ಇಡೀ ಅಂಗಡಿ ಸೇರಿ ಹಾಡುತ್ತಿತ್ತು. 'ಹೆಂಗಸರು ದಯವಿಟ್ಟು ಟೋಪಿ ತೆಗೆಯಿರಿ' ಎಂಬ ಸ್ಲೈಡೂ ಇರುತ್ತಿತ್ತು. ಹಿಂದೆ ಕೂತವರಿಗೆ ಕಾಣಬೇಕಲ್ಲ.

ಹಾಗಾದರೆ ಬಾಡಿಗೆದಾರ ಮನೆಯ ಯಜಮಾನ ಆದದ್ದು ಹೇಗೆ? ಚಿತ್ರಗಳು ಚೆನ್ನಾಗಿದ್ದವು, ಜನ ಬಂದರು ಅಂತ ಸುಮ್ನೆ ಹೇಳಿಬಿಡಬಹುದು. ನನಗೆ ಕಾಣುವ ಮಟ್ಟಿಗೆ ಎರಡು ಗಟ್ಟಿ ಕಾರಣಗಳಿವೆ. ಒಂದು ಬೆಂಕಿ. ಇನ್ನೊಂದು ಸದ್ದು.

ಬೆಂಕಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಆಗಿನ ಫಿಲ್ಮ್ ನೈಟ್ರೇಟಿನದು. ಅದು ಹೊತ್ತಿಕೊಂಡರೆ ಆರಿಸುವುದು ಅಸಾಧ್ಯ ಅನ್ನಬಹುದು. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇದೆ. ಹಾಗಾಗಿ ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ. ಹೊಗೆಯೂ ವಿಷ. ಇಂಥದ್ದನ್ನು ಬಿಸಿ ದೀಪದ ಮುಂದೆ ಓಡಿಸುತ್ತಿದ್ದರು. ಅದೂ ಜನರ ನಡುವೆ ಇಟ್ಟ ಮೇಜಿನ ಮೇಲೆ. 1897ರ ಮೇ 4ರಂದು ಪ್ಯಾರಿಸ್ಸಿನ ದಾನಮೇಳದಲ್ಲಿ 120ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಬೆಂಕಿ ಶುರುವಾದದ್ದು ಪ್ರೊಜೆಕ್ಟರಿನ ಈಥರ್ ದೀಪದಿಂದ.

ಆದರೆ ನಮ್ಮ ವಿಷಯಕ್ಕೆ ಹತ್ತಿರದ್ದು ಐರ್ಲೆಂಡಿನ ಡ್ರಮ್‌ಕೊಲ್ಲಹರ್ ಎಂಬ ಹಳ್ಳಿ. 1926ರ ಸೆಪ್ಟೆಂಬರ್ 5, ಭಾನುವಾರ. ಒಂದು ಕಟ್ಟಡದ ಮೇಲಿನ ಅಂತಸ್ತಿನಲ್ಲಿ ಸಿನಿಮಾ. ಹತ್ತಲು ಕಡಿದಾದ ಒಂದೇ ಮೆಟ್ಟಿಲು. ಹಿಂದಿನ ಕಿಟಕಿಗಳಿಗೆ ಕಬ್ಬಿಣದ ಸರಳು. ಮೇಜಿನ ಮೇಲಿದ್ದ ಮೇಣದಬತ್ತಿಯಿಂದ ರೀಲಿಗೆ ಬೆಂಕಿ ಹತ್ತಿತು. ಬೆಂಕಿ ಇದ್ದದ್ದು ಹೊರಗೆ ಹೋಗುವ ದಾರಿಯ ಹತ್ತಿರವೇ. 48 ಜನ ಸತ್ತರು. ಅಷ್ಟು ಸಣ್ಣ ಊರಿನಲ್ಲಿ 48 ಜನ ಅಂದರೆ ಎಷ್ಟು ಮನೆಗಳು, ಯೋಚಿಸಿ. ನಾಲ್ಕು ತಿಂಗಳ ನಂತರ, 1927ರ ಜನವರಿ 9ರಂದು, ಮಾಂಟ್ರಿಯಲ್‌ನ ಲಾರಿಯೇ ಪ್ಯಾಲೇಸ್ ಚಿತ್ರಮಂದಿರದಲ್ಲಿ 78 ಮಕ್ಕಳು ಸತ್ತರು. ಅಲ್ಲಿ ಸುಟ್ಟು ಸತ್ತವರು ಕಡಿಮೆ. ಹೆಚ್ಚಿನ ಮಕ್ಕಳು ಬಾಲ್ಕನಿಯಿಂದ ಇಳಿಯುವ ಮೆಟ್ಟಿಲಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಉಸಿರುಗಟ್ಟಿದರು. ಕ್ವಿಬೆಕ್ ಪ್ರಾಂತ್ಯದಲ್ಲಿ 16 ವರ್ಷದೊಳಗಿನವರು ಸಿನಿಮಾಗೆ ಹೋಗದಂತೆ ಕಾನೂನು ಬಂತು. ಅದು ದಶಕಗಳ ಕಾಲ ಉಳಿಯಿತು.

ಕಾನೂನುಗಳು ಬೇರೆ ಕಡೆಯೂ ಬಂದಿದ್ದವು. ಬ್ರಿಟನ್ 1909ರಲ್ಲೇ ಸಿನಿಮಾಟೋಗ್ರಾಫ್ ಕಾಯಿದೆ ತಂದಿತ್ತು. ಪ್ರೊಜೆಕ್ಟರಿಗೆ ಬೆಂಕಿ ತಡೆಯುವ ಪ್ರತ್ಯೇಕ ಕೋಣೆ ಬೇಕು, ಲೈಸೆನ್ಸ್ ಬೇಕು. ಒಳ್ಳೆಯ ಕಾನೂನು, ಜೀವ ಉಳಿಸಿದ ಕಾನೂನು. ಆದರೆ ಅದು ಹಾಲಿನ ಗುಣವನ್ನೂ ಬದಲಿಸಿತು. ಮೇಜಿನ ಮೇಲಿದ್ದ ಪ್ರೊಜೆಕ್ಟರ್ ಈಗ ಗೋಡೆಯ ಹಿಂದಿನ ಕೋಣೆಗೆ ಹೋಯಿತು. ಕುರ್ಚಿಗಳನ್ನು ನೆಲಕ್ಕೆ ಬಿಗಿದರು. ಇಷ್ಟೆಲ್ಲ ಖರ್ಚು ಮಾಡಿದ ಮೇಲೆ ಯಜಮಾನ ಅದನ್ನು ವಾರಕ್ಕೊಂದು ದಿನ ನೃತ್ಯಕ್ಕೆ ಬಿಟ್ಟುಕೊಡುತ್ತಾನೆಯೇ? ಪರದೆ ಚೆನ್ನಾಗಿ ಕಾಣಲಿ ಅಂತ ನೆಲವನ್ನೂ ಇಳಿಜಾರು ಮಾಡಿದ. ಇಳಿಜಾರು ನೆಲದ ಮೇಲೆ ಕುಣಿಯಲು ಆಗುವುದಿಲ್ಲ.

ಜಾತ್ರೆಯ ಡೇರೆಯವರೂ ಕಟ್ಟಡಕ್ಕೆ ಬಂದರು. ಇಂಗ್ಲೆಂಡಿನ ಹಾರ್ವಿಚ್ ಎಂಬ ಬಂದರು ಊರಿನಲ್ಲಿ 'ಎಲೆಕ್ಟ್ರಿಕ್ ಪ್ಯಾಲೇಸ್' ಇದೆ. ಕಟ್ಟಿಸಿದ್ದು ಚಾರ್ಲ್ಸ್ ಥರ್ಸ್ಟನ್ ಎಂಬ ಜಾತ್ರೆಯ ಪ್ರದರ್ಶಕ. 18 ವಾರಗಳಲ್ಲಿ ಕಟ್ಟಿ, 1911ರ ನವೆಂಬರ್ 29ರಂದು ಬಾಗಿಲು ತೆರೆದ. ಅದರ ಮುಖಭಾಗದ ಅಲಂಕಾರ ನೋಡಿದರೆ ಜಾತ್ರೆಯ ಡೇರೆಯ ನೆನಪು ಬರುತ್ತದೆ. ನನಗೆ ಅದರಲ್ಲಿ ತುಂಬಾ ಇಷ್ಟವಾದ ಸಂಗತಿ ಇನ್ನೊಂದು. ಸಿನಿಮಾಗೆಂದೇ ಕಟ್ಟಿದ ಕಟ್ಟಡ ಅದು. ಆದರೂ ಪರದೆಯ ಕಡೆ ಒಂದು ಸಣ್ಣ ವೇದಿಕೆ, ಬಣ್ಣ ಹಚ್ಚಿಕೊಳ್ಳುವ ಕೋಣೆಗಳು ಇವೆ. ಸಿನಿಮಾ ಒಂದನ್ನೇ ನಂಬಿಕೊಳ್ಳುವ ಧೈರ್ಯ ಅವನಿಗೆ ಇನ್ನೂ ಬಂದಿರಲಿಲ್ಲ.

ಎರಡನೆಯದು ಸದ್ದು. 1926–27ರಲ್ಲಿ ವಾರ್ನರ್ ಕಂಪನಿಯ ವೈಟಫೋನ್ ಬಂತು. ಪ್ರತಿ ರೀಲಿಗೂ 16 ಇಂಚಿನ ಒಂದು ಗ್ರಾಮಫೋನ್ ತಟ್ಟೆ. ಫಿಲ್ಮ್ ಒಂದು ಕಡೆ ಹರಿದು, ಆಪರೇಟರ್ ಕೆಲವು ಚೌಕ ಕತ್ತರಿಸಿ ಅಂಟಿಸಿದರೆ ಮುಗಿಯಿತು, ತುಟಿ ಒಂದು ಕಡೆ, ಮಾತು ಒಂದು ಕಡೆ. ಸದ್ದನ್ನು ಫಿಲ್ಮಿನ ಅಂಚಿನಲ್ಲೇ ಅಚ್ಚು ಹಾಕುವ ವಿಧಾನ ಬಂದ ಮೇಲೆ ಈ ಗೋಳು ತಪ್ಪಿತು. ಆದರೆ ಸಣ್ಣ ಊರಿನ ಯಜಮಾನನಿಗೆ ಸದ್ದಿನ ಯಂತ್ರದ ಬೆಲೆ ಕೈಗೆಟುಕುತ್ತಿರಲಿಲ್ಲ. ಸಾಲ ಮಾಡಿದ. ಮಾಡಲಾಗದವನು ಬಾಗಿಲು ಹಾಕಿದ. ನಾಟಕಕ್ಕೆ ಒಪ್ಪುತ್ತಿದ್ದ ಹಾಲು ಸ್ಪೀಕರಿಗೆ ಒಪ್ಪಲಿಲ್ಲ, ಪ್ರತಿಧ್ವನಿ ಬಂತು. ಗೋಡೆಗೆ ದಪ್ಪ ಬಟ್ಟೆ ಹೊದಿಸಿದರು.

ಮತ್ತೆ ಪಿಯಾನೊ ಬಾರಿಸುತ್ತಿದ್ದವರು? ಮೂಕಿ ಕಾಲದಲ್ಲಿ ಸಣ್ಣ ಊರಿನ ಹಾಲಿನಲ್ಲೂ ಪರದೆಯ ಕೆಳಗೆ ಒಬ್ಬರು ಕೂತು ಬಾರಿಸುತ್ತಿದ್ದರು. ಆ ಊರಿನಲ್ಲಿ ಸಂಗೀತದಿಂದ ಸಂಬಳ ಪಡೆಯುತ್ತಿದ್ದವರು ಬಹುಶಃ ಅವರೊಬ್ಬರೇ. ಎರಡು ಮೂರು ವರ್ಷಗಳಲ್ಲಿ ಸಾವಿರಾರು ಜನರ ಕೆಲಸ ಹೋಯಿತು. ಸಿನಿಮಾಗೆ ಮಾತು ಬಂದದ್ದನ್ನು ಸಂಭ್ರಮದಿಂದ ಬರೆಯುವಾಗ ನಾವು ಈ ಜನರನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತೇವೆ. ಹಾಗೆ ದಾಟಬಾರದು ಅಂತ ನನಗೆ ಅನ್ನಿಸುತ್ತದೆ.

1930ರ ದಶಕದ ಆರ್ಥಿಕ ಕುಸಿತದಲ್ಲಿ ಚಿತ್ರಮಂದಿರಗಳು ಜನರನ್ನು ಕರೆಯಲು ಏನೆಲ್ಲ ಮಾಡಿದವು! 'ತಟ್ಟೆ ರಾತ್ರಿ' ಅಂತ ಇತ್ತು. ಟಿಕೆಟ್ ಕೊಂಡ ಹೆಂಗಸರಿಗೆ ಒಂದು ಪಿಂಗಾಣಿ ತಟ್ಟೆಯೋ ಬಟ್ಟಲೋ ಉಚಿತ. ಪೂರ್ತಿ ಸೆಟ್ಟು ಬೇಕಿದ್ದರೆ ವಾರ ವಾರ ಬರಬೇಕು. ಕೊಲರಾಡೊದಲ್ಲಿ ಶುರುವಾದ 'ಬ್ಯಾಂಕ್ ನೈಟ್' ಇನ್ನೂ ಜಾಣತನದ್ದು. ಊರಿನ ಯಾರಾದರೂ ಪುಸ್ತಕದಲ್ಲಿ ಹೆಸರು ಬರೆಯಬಹುದು, ಟಿಕೆಟ್ ಕೊಳ್ಳಬೇಕಿಲ್ಲ. ಟಿಕೆಟ್ ಕಡ್ಡಾಯ ಮಾಡಿದರೆ ಲಾಟರಿ ಆಗುತ್ತದೆ, ಲಾಟರಿ ಕಾನೂನಿಗೆ ವಿರುದ್ಧ. ವೇದಿಕೆಯ ಮೇಲೆ ಚೀಟಿ ಎತ್ತುತ್ತಾರೆ. ಹೆಸರು ಬಂದವರು ಕೆಲವೇ ನಿಮಿಷಗಳಲ್ಲಿ ವೇದಿಕೆಗೆ ಬರಬೇಕು. ಬರದಿದ್ದರೆ ದುಡ್ಡು ಮುಂದಿನ ವಾರಕ್ಕೆ ಸೇರುತ್ತದೆ. ಹಾಗಾಗಿ ಅರ್ಧ ಊರು ಒಳಗೆ, ಅರ್ಧ ಊರು ಬಾಗಿಲ ಹೊರಗೆ. ಗಮನಿಸಿ, ಕಷ್ಟ ಬಂದಾಗ ಚಿತ್ರಮಂದಿರ ಮತ್ತೆ ಪಡಸಾಲೆ ಆಗಲು ನೋಡಿತು.

ಇಷ್ಟು ಹೊತ್ತು ನಾನು 'ಇಡೀ ಊರು' ಅಂತ ಹೇಳುತ್ತಾ ಬಂದೆ. ಆ ಮಾತನ್ನು ಇಲ್ಲಿ ನಿಲ್ಲಿಸಿ ನೋಡಬೇಕು. ಎಲ್ಲರಿಗೂ ಅಲ್ಲಿ ಒಂದೇ ಜಾಗ ಇರಲಿಲ್ಲ.

1946ರ ನವೆಂಬರ್ 8. ಕೆನಡಾದ ನೋವಾ ಸ್ಕೋಷಿಯಾದ ನ್ಯೂ ಗ್ಲಾಸ್ಗೋ ಎಂಬ ಸಣ್ಣ ಊರು. ವಯೋಲಾ ಡೆಸ್ಮಂಡ್ ಹ್ಯಾಲಿಫ್ಯಾಕ್ಸಿನಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ ಕಪ್ಪು ಮಹಿಳೆ. ದಾರಿಯಲ್ಲಿ ಕಾರು ಕೆಟ್ಟಿತು. ರಿಪೇರಿ ಆಗುವವರೆಗೆ ಸಿನಿಮಾ ನೋಡೋಣ ಅಂತ ರೋಸ್‌ಲ್ಯಾಂಡ್ ಚಿತ್ರಮಂದಿರಕ್ಕೆ ಹೋದರು. ಕೆಳಗಿನ ಸೀಟು ಕೇಳಿದರು. ಕೊಟ್ಟದ್ದು ಬಾಲ್ಕನಿ ಟಿಕೆಟ್. ಅವರು ಕೆಳಗೇ ಕೂತರು. ಏಳಲು ಹೇಳಿದಾಗ, ಹೆಚ್ಚಿನ ದುಡ್ಡು ಕೊಡುತ್ತೇನೆ ಎಂದರು. ಕಪ್ಪು ಜನರಿಗೆ ಕೆಳಗಿನ ಟಿಕೆಟ್ ಕೊಡುವುದಿಲ್ಲ ಎಂಬ ಉತ್ತರ ಬಂತು. ಅವರು ಏಳಲಿಲ್ಲ. ಎಳೆದು ಹೊರಹಾಕಿ, ಒಂದು ರಾತ್ರಿ ಜೈಲಿನಲ್ಲಿಟ್ಟರು. ಮೊಕದ್ದಮೆ ಹಾಕಿದ್ದು ಯಾವುದಕ್ಕೆ ಗೊತ್ತಾ? ಕೆಳಗಿನ ಸೀಟಿಗೂ ಬಾಲ್ಕನಿಗೂ ಮನರಂಜನಾ ತೆರಿಗೆಯಲ್ಲಿ ಇದ್ದ ವ್ಯತ್ಯಾಸ, ಒಂದು ಸೆಂಟ್. ಆ ಒಂದು ಸೆಂಟ್ ತೆರಿಗೆ ವಂಚಿಸಿದರು ಅಂತ 20 ಡಾಲರ್ ದಂಡ, ಮೇಲೆ 6 ಡಾಲರ್ ಖರ್ಚು. ಮೊಕದ್ದಮೆಯಲ್ಲಿ ಬಣ್ಣದ ಮಾತೇ ಬರಲಿಲ್ಲ. 2010ರಲ್ಲಿ, ಅವರು ತೀರಿಕೊಂಡು 45 ವರ್ಷ ಆದ ಮೇಲೆ, ಸರ್ಕಾರ ಕ್ಷಮಾದಾನ ಕೊಟ್ಟಿತು. 2018ರಲ್ಲಿ ಕೆನಡಾದ ಹತ್ತು ಡಾಲರ್ ನೋಟಿನ ಮೇಲೆ ಅವರ ಮುಖ ಬಂತು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಂತೂ ಕಪ್ಪು ಜನರಿಗೆ ಬೇರೆ ಬಾಗಿಲು, ಬೇರೆ ಮೆಟ್ಟಿಲು, ಮೇಲಿನ ಬಾಲ್ಕನಿ. 1964ರ ನಾಗರಿಕ ಹಕ್ಕುಗಳ ಕಾಯಿದೆ ಬರುವವರೆಗೂ ಅನೇಕ ಕಡೆ ಹಾಗೇ ನಡೆಯಿತು.

ಹಳೆಯ ಚಿತ್ರಮಂದಿರದ ನೆನಪು ಸಿಹಿಯಾಗಿಯೇ ಇರಲಿ. ಆದರೆ ಅದು ಯಾರ ನೆನಪು ಅಂತಲೂ ಕೇಳಬೇಕು.

ಇನ್ನು ಇಳಿಗಾಲ. ಟಿವಿ ಬಂತು, ಚಿತ್ರಮಂದಿರ ಸತ್ತಿತು ಎನ್ನುತ್ತಾರೆ. ಅಷ್ಟು ಸರಳ ಅಲ್ಲ. ಅಮೆರಿಕದಲ್ಲಿ ಜನ ಅತಿ ಹೆಚ್ಚು ಸಿನಿಮಾ ನೋಡಿದ್ದು 1946ರಲ್ಲಿ. ಅದರ ಮರುವರ್ಷದಿಂದಲೇ ಸಂಖ್ಯೆ ಇಳಿಯತೊಡಗಿತು. ಆಗ ಟಿವಿ ಇದ್ದ ಮನೆಗಳು ಬಹಳ ಕಡಿಮೆ. ಯುದ್ಧದಿಂದ ಬಂದವರು ಮದುವೆಯಾಗಿ, ಮಕ್ಕಳಾಗಿ, ಊರಾಚೆಯ ಹೊಸ ಬಡಾವಣೆಗಳಿಗೆ ಹೋದರು. ಪೇಟೆಯ ನಡುವಿನ ಚಿತ್ರಮಂದಿರ ಅವರಿಗೆ ದೂರವಾಯಿತು. 1948ರಲ್ಲಿ ಸುಪ್ರೀಂ ಕೋರ್ಟು, ಸ್ಟುಡಿಯೋಗಳು ಚಿತ್ರಮಂದಿರಗಳನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದಕ್ಕೆ ತಡೆ ಹಾಕಿತು. ನ್ಯಾಯವಾದ ತೀರ್ಪು. ಆದರೆ ಸ್ಟುಡಿಯೋಗಳು ಕಡಿಮೆ ಚಿತ್ರ ತೆಗೆಯತೊಡಗಿದವು. ವಾರಕ್ಕೆ ಎರಡು ಮೂರು ಸಲ ಚಿತ್ರ ಬದಲಿಸುತ್ತಿದ್ದ ಸಣ್ಣ ಊರಿಗೆ ಚಿತ್ರಗಳೇ ಸಾಲದಾದವು. ಟಿವಿ ಆಮೇಲೆ ಬಂದು ಉಳಿದದ್ದನ್ನು ಮುಗಿಸಿತು. ಬೇರೆ ಏನೂ ಮಾಡಲಾಗದಂತೆ ನೆಲ ಇಳಿಜಾರು ಮಾಡಿಕೊಂಡಿದ್ದ ಹಾಲು, ಸಿನಿಮಾ ಕೈಬಿಟ್ಟಾಗ ಗೋದಾಮಾಯಿತು.

ಉಳಿದವುಗಳಿಗೆ ಕೊನೆಯ ಪೆಟ್ಟು ಬಿದ್ದದ್ದು 2013ರ ಆಸುಪಾಸಿನಲ್ಲಿ. ಫಿಲ್ಮ್ ನಿಂತು ಡಿಜಿಟಲ್ ಬಂತು. ಒಂದು ಪರದೆಗೆ ಹತ್ತಾರು ಸಾವಿರ ಡಾಲರ್ ಖರ್ಚು. ಸದ್ದು ಬಂದಾಗಿನ ಕಥೆಯೇ ಮತ್ತೆ. ಈ ಸಲ ಅನೇಕ ಊರುಗಳಲ್ಲಿ ಜನರೇ ಚಂದಾ ಎತ್ತಿ ಪ್ರೊಜೆಕ್ಟರ್ ಕೊಂಡರು.

ಉಳಿದುಕೊಂಡವು ಯಾವುವು ನೋಡಿ. ಅಮೆರಿಕದ ಅಯೋವಾ ರಾಜ್ಯದ ವಾಷಿಂಗ್ಟನ್ ಎಂಬ ಸಣ್ಣ ಊರಿನ ಸ್ಟೇಟ್ ಥಿಯೇಟರ್. 1893ರಲ್ಲಿ ಒಪೆರಾ ಹೌಸ್ ಆಗಿ ಕಟ್ಟಿದ್ದು. 1897ರ ಮೇ 14ರಂದು ಅಲ್ಲಿ ಮೊದಲ ಸಲ ಸಿನಿಮಾ ತೋರಿಸಿದರು. ನಿರಂತರವಾಗಿ ನಡೆದುಬಂದ ಅತ್ಯಂತ ಹಳೆಯ ಚಿತ್ರಮಂದಿರ ಅಂತ ಗಿನ್ನೆಸ್ ಅದನ್ನು ಗುರುತಿಸಿದೆ. ಫ್ರಾನ್ಸಿನ ಲಾ ಸಿಯೋಟಾದ ಈಡನ್, 1889ರದ್ದು. ಲ್ಯೂಮಿಯೇರ್ ಕುಟುಂಬದ ಬೇಸಿಗೆ ಮನೆ ಆ ಊರಿನಲ್ಲೇ ಇತ್ತು. ಅಲ್ಲಿ ನಾಟಕ, ಕುಸ್ತಿ, ಬಾಕ್ಸಿಂಗ್ ಎಲ್ಲಾ ನಡೆಯುತ್ತಿತ್ತು. ಬಹಳ ಕಾಲ ಮುಚ್ಚಿದ್ದು 2013ರಲ್ಲಿ ಮತ್ತೆ ತೆರೆಯಿತು. ಹಾರ್ವಿಚ್‌ನ ಎಲೆಕ್ಟ್ರಿಕ್ ಪ್ಯಾಲೇಸ್ 1956ರಲ್ಲಿ ಮುಚ್ಚಿ, 25 ವರ್ಷ ಕತ್ತಲೆಯಲ್ಲಿದ್ದು, 1981ರಲ್ಲಿ ತೆರೆಯಿತು.

ಮಾತು ಮುಗಿದ ಮೇಲೆ ಸಭೆಯಲ್ಲಿ ಒಬ್ಬರು ಕೇಳಿದರು: 'ಮುಚ್ಚಿಹೋದ ಕಟ್ಟಡ ನೋಡಿದರೆ, ಇದು ಒಂದು ಕಾಲದಲ್ಲಿ ಸಿನಿಮಾ ಹಾಲು ಆಗಿತ್ತು ಅಂತ ಹೇಗೆ ಗೊತ್ತಾಗುತ್ತದೆ?' ಒಳ್ಳೆಯ ಪ್ರಶ್ನೆ. ಅಲ್ಲಿ ಕೊಟ್ಟ ಉತ್ತರವನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಒಳಗೆ ಹೋಗಿ ಮೊದಲು ನೆಲ ನೋಡಿ. ಗೋದಾಮಿಗೋ ಅಂಗಡಿಗೋ ಅಂತ ಸಮತಟ್ಟು ಮಾಡಿರಬಹುದು. ಆಗ ಬದಿಯ ಗೋಡೆಯ ಬಣ್ಣದ ಗೆರೆ ಓರೆಯಾಗಿದೆಯಾ ನೋಡಿ. ಮೂಲ ನೆಲದ ಇಳಿಜಾರು ಅಲ್ಲಿ ಉಳಿದಿರುತ್ತದೆ. ಆಮೇಲೆ ಹಿಂದಿನ ಗೋಡೆಯ ಮೇಲ್ಭಾಗ. ಅಲ್ಲಿ ಸಾಲಾಗಿ ಸಣ್ಣ ಸಣ್ಣ ಚೌಕ ಕಿಂಡಿಗಳಿದ್ದರೆ ಅದೇ ಪ್ರೊಜೆಕ್ಟರ್ ಕೋಣೆ. ಯಂತ್ರಕ್ಕೊಂದು, ಆಪರೇಟರ್ ಕಣ್ಣಿಗೊಂದು. ಎರಡು ಜೊತೆ ಕಿಂಡಿ ಇದ್ದರೆ ಎರಡು ಪ್ರೊಜೆಕ್ಟರ್ ಇದ್ದವು ಅಂತ ಅರ್ಥ. ಒಂದರ ರೀಲು ಮುಗಿಯುವ ಹೊತ್ತಿಗೆ ಪರದೆಯ ಮೇಲಿನ ಬಲಮೂಲೆಯಲ್ಲಿ ಒಂದು ಚುಕ್ಕೆ ಮಿಂಚುತ್ತದೆ. ಆಪರೇಟರ್ ಎರಡನೇ ಯಂತ್ರದ ಮೋಟಾರು ಶುರು ಮಾಡುತ್ತಾನೆ. ಏಳೆಂಟು ಸೆಕೆಂಡಿಗೆ ಇನ್ನೊಂದು ಚುಕ್ಕೆ. ಆಗ ಬೆಳಕು ಒಂದರಿಂದ ಇನ್ನೊಂದಕ್ಕೆ. ಕೆಳಗೆ ಕೂತವರಿಗೆ ಗೊತ್ತೇ ಆಗಬಾರದು. ಯಂತ್ರಕ್ಕೆ ಬೆಳಕು ಕೊಡುವ ಕಾರ್ಬನ್ ಕಡ್ಡಿ ಉರಿದು ಸವೆಯುತ್ತಿರುತ್ತದೆ, ಅದನ್ನೂ ನೋಡಿಕೊಳ್ಳುತ್ತಿರಬೇಕು. ಕಿಂಡಿಯ ಮೇಲೆ ಕಬ್ಬಿಣದ ತಗಡಿನ ಮುಚ್ಚಳ ಉಳಿದಿದ್ದರೆ ನಿಮ್ಮ ಅದೃಷ್ಟ. ಬೇಗ ಕರಗುವ ಲೋಹದ ಒಂದು ಕೊಂಡಿ ಅದನ್ನು ಮೇಲೆ ಹಿಡಿದಿರುತ್ತಿತ್ತು. ಕೋಣೆಯಲ್ಲಿ ಬೆಂಕಿ ಎದ್ದರೆ ಕೊಂಡಿ ಕರಗಿ ಮುಚ್ಚಳ ತಾನಾಗಿ ಬೀಳುತ್ತದೆ. ಕೆಳಗೆ ಕೂತ ಜನ ಉಳಿಯುತ್ತಾರೆ. ಆಪರೇಟರ್ ತನ್ನ ಬಾಗಿಲನ್ನು ತಾನೇ ಹುಡುಕಿಕೊಳ್ಳಬೇಕು.

ಕೊನೆಗೆ ಹೊರಗೆ ಬಂದು ಕಟ್ಟಡವನ್ನು ಒಂದು ಸುತ್ತು ಹಾಕಿ. ಮುಂಬಾಗಿಲಿಗೆ ಸಂಬಂಧವಿಲ್ಲದೆ, ಪಕ್ಕದ ಓಣಿಯಿಂದ ನೇರವಾಗಿ ಬಾಲ್ಕನಿಗೆ ಹತ್ತುವ ಕಿರಿದಾದ ಮೆಟ್ಟಿಲು ಇದೆಯಾ ನೋಡಿ. ಇದ್ದರೆ, ಊರಿನ ಹಿರಿಯರಲ್ಲಿ ಅದನ್ನು ಯಾರು ಹತ್ತುತ್ತಿದ್ದರು ಅಂತ ಕೇಳಿ.